ಅಜ್ಜಿಯ ಆಚೆಗಿನ ಕುರ್ಚಿ

ಕೊಲ್ಲಾಪುರದವರಿಗೆ ಮಂಜುಗಡ್ಡೆ ಎಂದರೆ ಕಬ್ಬಿನಹಾಲಿನ ಅಂಗಡಿಯಲ್ಲಿ ಗೋಣಿಚೀಲ ಹೊದ್ದು ಮಲಗಿದ್ದು, ಇಲ್ಲವೇ ಮಕ್ಕಳು ತುಟಿ ಕೆಂಪು ಮಾಡಿಕೊಂಡು ಚೀಪುವ ಗೋಳಾ. ಅದರ ಮೇಲೆ ಗಂಡು ಹೆಣ್ಣು ಕೈ ಕೈ ಹಿಡಿದು ಕುಣಿಯುತ್ತಾರೆ, ಕುಣಿಯಲೆಂದೇ ಹೊರದೇಶದಿಂದ ತಂಡ ಬಂದಿದೆ, ನೋಡಲು ಟಿಕೆಟ್ ಬೇರೆ ಇದೆ ಎಂದಾಗ ಅರ್ಧ ಊರು ನಕ್ಕಿತು, ಇನ್ನರ್ಧ ಟಿಕೆಟ್ ತೆಗೆಸಿತು. ನಕ್ಕವರೂ ಆಮೇಲೆ ತೆಗೆಸಿದರು, ಆ ಮಾತು ಬೇರೆ.

ಡಿಸೆಂಬರಿನ ಆ ಭಾನುವಾರ ನಾಲ್ಕು ಗಂಟೆಯ ಆಟಕ್ಕೆ ಗಡಹಿಂಗ್ಲಜದಿಂದ ಮೂವರು ಹೆಂಗಸರು ಬಂದಿದ್ದರು. ಎಂಬತ್ತು ದಾಟಿದ ಮಾಣಿಕಬಾಯಿ, ಅವರ ಮೊಮ್ಮಗಳು ಪ್ರಿಯದರ್ಶನಿ, ಪ್ರಿಯದರ್ಶನಿಯ ಅಣ್ಣನ ಹೆಂಡತಿ ರೂಪಾಲಿ. ಟಿಕೆಟ್ ತೆಗೆಸಿದ್ದು ರೂಪಾಲಿ. ಹಟ ಹಿಡಿದು ಹೊರಟದ್ದು ಅಜ್ಜಿ. ಪ್ರಿಯದರ್ಶನಿ ಮಾತ್ರ ಬರುವುದಿಲ್ಲ ಎಂದು ಹೇಳಿ ಹೇಳಿ, ಎಲ್ಲರಿಗಿಂತ ಮೊದಲು ಸೀರೆ ಉಟ್ಟು ತಯಾರಾಗಿದ್ದಳು.

ದೊಡ್ಡ ಮಂಡಪದ ಒಳಗೆ ಕಾಲಿಟ್ಟರೆ ಹೊರಗಿನ ಬಿಸಿಲು ಸುಳ್ಳೆನಿಸುತ್ತಿತ್ತು. ನಡುವೆ ಬೆಳ್ಳಗೆ ಹೊಳೆಯುವ ಮಂಜಿನ ಅಂಗಳ, ಸುತ್ತ ಏರುತ್ತ ಹೋದ ಕುರ್ಚಿಗಳು. ಜನ ಸ್ವೆಟರು, ಶಾಲು, ಕಿವಿ ಮುಚ್ಚುವ ಟೊಪ್ಪಿಗೆ ಹಾಕಿಕೊಂಡು, ಮದುವೆಗೆ ಬಂದವರಂತೆ ಒಬ್ಬರನ್ನೊಬ್ಬರು ಕರೆಯುತ್ತ ಕೂತಿದ್ದರು. ಅಜ್ಜಿ ಎರಡು ಶಾಲು ಹೊದ್ದು, ತೊಡೆಯ ಮೇಲೆ ಸ್ಟೀಲಿನ ಡಬ್ಬಿ ಇಟ್ಟುಕೊಂಡು ಪ್ರಿಯದರ್ಶನಿಯ ಎಡಕ್ಕೆ ಕೂತರು. ರೂಪಾಲಿ ಬಲಕ್ಕೆ. ಅಜ್ಜಿಯ ಆಚೆಗಿನ ಕುರ್ಚಿ ಖಾಲಿ ಇತ್ತು.

ದೀಪ ಆರುವ ಹೊತ್ತಿಗೆ ಕಂದು ಸ್ವೆಟರಿನವನೊಬ್ಬ ಜನರ ಮೊಣಕಾಲುಗಳನ್ನು ದಾಟುತ್ತ, ಪ್ರತಿಯೊಬ್ಬರಿಗೂ ‘ಸಾರಿ, ಸಾರಿ’ ಎನ್ನುತ್ತ ಬಂದು ಆ ಕುರ್ಚಿಯಲ್ಲಿ ಕೂತ. ಮುಖ ಕಾಣುವ ಮೊದಲೇ ಪ್ರಿಯದರ್ಶನಿಗೆ ಗೊತ್ತಾಯಿತು. ಮುಂದಕ್ಕೆ ತುಸು ಬಾಗಿ, ತೋಳು ಸಡಿಲ ಬಿಟ್ಟು ನಡೆಯುವವನು ಅವಳ ಪಾಲಿಗೆ ಈ ಭೂಮಿಯ ಮೇಲೆ ಒಬ್ಬನೇ ಇದ್ದ.

ಅತುಲ.

ಅವಳು ರೂಪಾಲಿಯತ್ತ ತಿರುಗಿದಳು. ರೂಪಾಲಿ ಮಂಡಪದ ಮೇಲ್ಛಾವಣಿಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದಳು. ರೂಪಾಲಿಯ ತವರು ಇಚಲಕರಂಜಿ. ಅತುಲನ ಮಗ್ಗಗಳು ಸದ್ದು ಮಾಡುವುದೂ ಆ ತವರಿನ ಓಣಿಯಲ್ಲೇ. ಇಷ್ಟು ಲೆಕ್ಕ ಹಾಕಲು ಪ್ರಿಯದರ್ಶನಿಗೆ ಯಾರ ಸಹಾಯವೂ ಬೇಕಾಗಲಿಲ್ಲ.

ಕಂಡದ್ದು ಖುಷಿಯೋ ಸಿಟ್ಟೋ, ಅವಳಿಗೇ ತಿಳಿಯಲಿಲ್ಲ. ಬರುವುದಾದರೆ ನಿನ್ನೆ ಬರಬೇಕಿತ್ತು, ಹೋದ ವರ್ಷ ಬರಬೇಕಿತ್ತು. ಮಿರಜದ ಬ್ಯಾಂಕ್ ನೌಕರಿಯವರ ಮನೆಯಿಂದ ಸಂಬಂಧ ಬಂದು ತಿಂಗಳಾಗಿತ್ತು. ಹುಡುಗ ಸಭ್ಯ, ಮನೆ ಸಭ್ಯ, ಬೇಡ ಎನ್ನಲು ಒಂದು ಕಾರಣವೂ ಸಿಗದಷ್ಟು ಸಭ್ಯ. ನಾಳೆ ಬೆಳಿಗ್ಗೆ ಅವರಿಗೆ ಉತ್ತರ ಹೋಗಬೇಕು. ಕೊಲ್ಲಾಪುರದಿಂದ ಬಂದು ಹೂಂ ಎನ್ನುತ್ತೇನೆ ಎಂದು ಅಪ್ಪ ಪದ್ಮಕುಮಾರನಿಗೆ ಅವಳೇ ಹೇಳಿ ಬಂದಿದ್ದಳು. ಒಂದು ಹೂಂ, ಅಷ್ಟೇ. ಮೂವತ್ತೊಂದು ತುಂಬಿದವಳು ಇನ್ನೆಷ್ಟು ದಿನ ಇಲ್ಲ ಎನ್ನುವುದು.

ಸಂಗೀತ ಶುರುವಾಯಿತು. ಮಂಜಿನಿಂದ ಏಳುವ ತೆಳು ಹೊಗೆಯ ನಡುವೆ ನೀಲಿ ಲಂಗದ ಹುಡುಗಿಯೊಬ್ಬಳು ಒಂದೇ ಕಾಲಿನ ಮೇಲೆ ಹಿಂದುಹಿಂದಕ್ಕೆ ಜಾರಿ ಬಂದಳು. ಬೂಟಿನ ಅಲಗು ಮಂಜು ಕೊರೆಯುವ ಸರ್ ಸರ್ ಸದ್ದು ಕುರ್ಚಿಯ ತನಕ ಕೇಳುತ್ತಿತ್ತು. ಓಡಿ ಬಂದು ನೆಗೆದಳು, ಗಾಳಿಯಲ್ಲೇ ಬುಗುರಿಯಾಗಿ ಸುತ್ತಿ, ಕೂದಲೂ ಕೆದರದೆ ಇಳಿದಳು. ಹಿಂದಿನ ಸಾಲಿನಿಂದ ಯಾರೋ ‘ನಾದ ಖುಳಾ’ ಎಂದು ಕೂಗಿದರು. ಕೊಲ್ಲಾಪುರದವರು ಇಷ್ಟವಾದದ್ದಕ್ಕೆಲ್ಲ ಕೊಡುವ ಸರ್ಟಿಫಿಕೇಟು ಅದು.

ಅಜ್ಜಿಗೆ ಒಂದೇ ಚಿಂತೆ. ಇಷ್ಟು ಥಂಡಿಯಲ್ಲಿ ಆ ಹುಡುಗಿಗೆ ಇಷ್ಟೇ ಬಟ್ಟೆ ಯಾಕೆ ಕೊಟ್ಟಿದ್ದಾರೆ, ಅವಳಿಗೆ ತಾಯಿ ಇಲ್ಲವೇ ಎಂದು ಪಕ್ಕದ ಕಂದು ಸ್ವೆಟರಿನವನನ್ನು ಕೇಳಿದರು. ಅವನು ಗಂಭೀರವಾಗಿ, ಕುಣಿದರೆ ಮೈ ಬೆಚ್ಚಗಾಗುತ್ತದಂತೆ ಎಂದ. ಅಜ್ಜಿಗೆ ಕಣ್ಣಿನ ಪೊರೆ. ಯಾರ ಜೊತೆ ಮಾತಾಡುತ್ತಿದ್ದೇನೆ ಎಂಬುದು ಗೊತ್ತಾಗಿರಲಿಲ್ಲ.

ಪ್ರಿಯದರ್ಶನಿ ಮಂಜನ್ನೇ ನೋಡಿದಳು. ಕಂಡದ್ದು ಮಾತ್ರ ಬೆಲ್ಲದ ಕಟ್ಟೆ.

ಆಗ ಅವಳು ಒಂಬತ್ತನೆಯ ತರಗತಿ, ಅವನು ಹತ್ತು. ನೂಲ ಎಂಬ ಹಳ್ಳಿಯ ರೈತ ಕುಂಥುನಾಥರ ಮಗ ಅತುಲ ಓದಲೆಂದು ಗಡಹಿಂಗ್ಲಜದ ಸೋದರಮಾವನ ಮನೆಯಲ್ಲಿದ್ದ. ಶಾಲೆಯ ಆಟದ ಮಾಸ್ತರರು ಎಲ್ಲಿಂದಲೋ ನಾಲ್ಕಾರು ಜೊತೆ ಗಾಲಿಬೂಟು ತಂದು ಸ್ಕೇಟಿಂಗ್ ಕಲಿಸುತ್ತೇನೆಂದರು. ಊರಿನಲ್ಲಿ ನುಣುಪು ನೆಲ ಎಂದರೆ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಹರಾಜು ನಡೆಯುವ ಸಿಮೆಂಟ್ ಕಟ್ಟೆ. ದಿನವೂ ಅಲ್ಲಿ ಗಾಡಿ, ಹಮಾಲರು, ಕೂಗಾಟ. ಅಮಾವಾಸ್ಯೆಗೆ ಮಾತ್ರ ಹಮಾಲರು ಹೊರೆ ಎತ್ತುವುದಿಲ್ಲ, ಯಾರ್ಡಿಗೆ ರಜೆ.

ಲೋಕದ ಪ್ರೇಮಿಗಳೆಲ್ಲ ಹುಣ್ಣಿಮೆಗೆ ಕಾಯುತ್ತಾರೆ. ಇವರಿಬ್ಬರು ಅಮಾವಾಸ್ಯೆಗೆ ಕಾದರು. ಪ್ರೇಮ ಎಂಬ ಹೆಸರು ಆಗ ಇರಲಿಲ್ಲ ಬಿಡಿ, ಗಾಲಿಬೂಟು ಎಂಬ ಹೆಸರಿತ್ತು. ಅವನು ಹಿಂದುಹಿಂದಕ್ಕೆ ಜಾರುತ್ತ ಅವಳ ಎರಡೂ ಕೈ ಹಿಡಿದು ಎಳೆಯುತ್ತಿದ್ದ. ಕರಗಿದ ಬೆಲ್ಲ ನೆಲಕ್ಕೆ ಅಂಟಿದ ಕಡೆ ಗಾಲಿ ಗಕ್ಕನೆ ನಿಂತು ಇಬ್ಬರೂ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಎದ್ದು, ಒಬ್ಬರ ಮುಖ ಒಬ್ಬರು ನೋಡದೆ, ಬಕೆಟ್ ನೀರು ತಂದು ನೆಲ ತೊಳೆಯುತ್ತಿದ್ದರು.

ಅಲ್ಲೇ ಅವಳ ಅಪ್ಪನ ಬೆಲ್ಲದ ದಲಾಲಿಯ ಅಡತ್ ಅಂಗಡಿ. ಅದರ ಹಿಂದಿನ ಕೋಣೆಯ ಟಿವಿಯಲ್ಲಿ ಒಂದು ಮಧ್ಯಾಹ್ನ ಮಂಜಿನ ಮೇಲೆ ಕುಣಿಯುವ ಜೋಡಿಯನ್ನು ನೋಡಿದ್ದರು. ಮುಂದಿನ ಅಮಾವಾಸ್ಯೆಗೆ ಅದನ್ನೇ ಮಾಡಲು ಹೋಗಿ ಅವಳು ಮೊಣಕೈ ತರಚಿಸಿಕೊಂಡಳು, ಅವನು ಅವಳ ಅಪ್ಪನ ಕೈಲಿ ಬೈಸಿಕೊಂಡ. ಅವಳು ಮನೆಗೆ ಹೋಗಿ ಅತ್ತದ್ದು ಮೊಣಕೈ ಉರಿಗಲ್ಲ, ಅವನನ್ನು ಬೈದರಲ್ಲ ಎಂದು.

ವರ್ಷಗಳಾದ ಮೇಲೆ ನೂಲದ ಕುಂಥುನಾಥರ ಮನೆಯಿಂದ ಹೆಣ್ಣು ನೋಡಲು ಬರುತ್ತೇವೆ ಎಂಬ ಮಾತು ಬಂದಾಗ ಅವಳು ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಒಂದು ಸುತ್ತು ಕುಣಿದಿದ್ದಳು. ಆಗ ಅವಳಿಗೆ ಇಪ್ಪತ್ತೆರಡು. ಶಿರಾ ತಾನೇ ಮಾಡುತ್ತೇನೆ ಎಂದಳು. ತುಪ್ಪ ಸಕ್ಕರೆ ಕೈಬಿಚ್ಚಿ ಹಾಕಿದಳು.

ನಮ್ಮ ಕಡೆ ಹೆಣ್ಣು ನೋಡಲು ಬಂದವರು ಒಪ್ಪಿಗೆಯನ್ನು ಬಾಯಿಂದ ಹೇಳುವುದಿಲ್ಲ, ತಾಟು ಹೇಳುತ್ತದೆ. ಹುಡುಗ ತಾಟು ಖಾಲಿ ಮಾಡಿದರೆ ಮನಸ್ಸು ಬಂದಿದೆ, ಅರ್ಧ ಬಿಟ್ಟರೆ ವಿಚಾರ ಮಾಡುತ್ತಾನೆ. ಅತುಲ ಶಿರಾ ಮುಟ್ಟಲಿಲ್ಲ. ಚಿಟಿಕೆ ಸಕ್ಕರೆ ಬಿದ್ದ ಅವಲಕ್ಕಿ ಮುಟ್ಟಲಿಲ್ಲ. ಚಹಾ ಆರಿ ಕೆನೆಗಟ್ಟಿತು. ಒಂದು ಲೋಟ ನೀರು ಕುಡಿದು, ತಲೆ ತಗ್ಗಿಸಿ, ಅಪ್ಪನ ಹಿಂದೆ ಎದ್ದು ಹೋದ. ತಾಟು ಮುಟ್ಟದೆ ಎದ್ದವನ ಮನೆಯಿಂದ ಇಲ್ಲ ಎನಿಸಿಕೊಳ್ಳುವ ತನಕ ಕಾಯಬೇಕೇ ಎಂದು ಮಾಣಿಕಬಾಯಿ ಸಿಡಿದೆದ್ದರು. ಮರುದಿನ ಬೆಳಗಾಗುವಷ್ಟರಲ್ಲಿ ಈ ಕಡೆಯಿಂದಲೇ ಮಾತು ಹೋಯಿತು: ಹುಡುಗಿ ಮುಂದೆ ಓದುತ್ತಾಳೆ.

ಹುಡುಗಿ ಓದಿದಳು ಕೂಡ. ಓದಿ ಕಾಲೇಜಿನಲ್ಲಿ ಪಾಠ ಮಾಡುವವಳಾದಳು. ಶಿರಾ ಮಾತ್ರ ಆಮೇಲೆ ಒಮ್ಮೆಯೂ ಮಾಡಲಿಲ್ಲ.

ಇಂಟರ್ವಲ್ ಆಯಿತು. ಮಂಜಿನ ಮೇಲೆ ನೀರು ಎರಚಿ ಗೀರುಗಳನ್ನು ಅಳಿಸುವ ಕೆಲಸ ಶುರುವಾಯಿತು. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಸಮಯವಿತ್ತು. ಜೈನರ ಮನೆ, ಕತ್ತಲಾದ ಮೇಲೆ ಅಜ್ಜಿ ನೀರೂ ಮುಟ್ಟುವುದಿಲ್ಲವಲ್ಲ, ಡಬ್ಬಿ ತೆರೆದೇಬಿಟ್ಟರು. ಚಪಾತಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ. ಪಕ್ಕದವನು ಪ್ರತಿ ಪ್ರಶ್ನೆಗೂ ಬೇಸರಿಸದೆ ಉತ್ತರ ಕೊಟ್ಟಿದ್ದ, ದನಿ ಕೇಳಿದರೆ ಊಟದ ಹೊತ್ತಿನ ಹಸಿವೂ ಇದ್ದಂತಿತ್ತು. ನಮ್ಮವರ ಪೈಕಿ ಅನಿಸುತ್ತೀ, ಹೊತ್ತು ಇರುವಾಗಲೇ ಎರಡು ತುತ್ತು ತಿನ್ನು ಎಂದು ಅವನ ಕೈಗೆ ಚಪಾತಿ ಇಟ್ಟರು. ಅವನು ತಿಂದ. ಚಟ್ನಿ ಕೇಳಿ ಹಾಕಿಸಿಕೊಂಡು ತಿಂದ. ಅಜ್ಜಿ ಹೋಳಿಗೆ ಎತ್ತಿದಾಗ ಮಾತ್ರ ಎರಡೂ ಕೈ ಜೋಡಿಸಿದ.

ಪ್ರಿಯದರ್ಶನಿಯ ಒಳಗೆ ಒಂಬತ್ತು ವರ್ಷದಿಂದ ಆರಿಸಿಟ್ಟಿದ್ದ ಒಲೆ ಭಗ್ಗೆಂದಿತು.

“ಬಿಡ ಅಜ್ಜಿ,” ಎಂದಳು, ಮಂಜಿನ ಕಡೆಗೇ ನೋಡುತ್ತ. “ಅವರಿಗೆ ನಮ್ಮ ಮನೀ ಸಿಹಿ ಸೇರೂದಿಲ್ಲ.”

ಅಜ್ಜಿ ಮೊಮ್ಮಗಳ ಮುಖ ನೋಡಿದರು. ಆಮೇಲೆ ಅವನ ಕೈ ನೋಡಿದರು. ಹೊಟ್ಟೆ ತುಂಬಿದವನು ಬೇಡ ಎಂದು ಕೈ ಅಡ್ಡ ಹಿಡಿಯುತ್ತಾನೆ. ಇವನು ಇನ್ನೂ ಕೈ ಜೋಡಿಸಿಕೊಂಡೇ ಕೂತಿದ್ದ.

“ನಿಯಮ ಐತೇನೋ ತಮ್ಮಾ?”

ಅವನು ತಡವರಿಸಿದ. ಹಿರಿಯರು ನೇರ ಕೇಳಿದರೆ ನಿಯಮದ ಬಗ್ಗೆ ಸುಳ್ಳು ಹೇಳುವಂತಿಲ್ಲ. “ಐತ್ರಿ ಅಜ್ಜಿ.”

“ಏನ ಬಿಟ್ಟಿ?”

“ಸಿಹಿ.”

“ಎಲ್ಲೀ ತನಕ?”

“ಲಗ್ನ ಆಗೂ ತನಕ್ರಿ.”

“ಯಾವಾಗ ತಗೊಂಡಿ?”

ಅತುಲ ಈಗ ಅಜ್ಜಿಯನ್ನು ನೋಡುತ್ತಿರಲಿಲ್ಲ. “ನಮ್ಮೂರಾಗ ಮುನಿ ಮಹಾರಾಜರ ಚಾತುರ್ಮಾಸ ಇತ್ತಲ್ರಿ, ಆಗ. ಗಡಹಿಂಗ್ಲಜಕ್ಕ ಹೆಣ್ಣ ನೋಡಾಕ ಹೋಗೂದು ಠರಾವ ಆಗಿತ್ತು. ಆಕೀನ ಸಿಗಲಿ ಅಂತ ಮನಸಿನ್ಯಾಗ ಅನ್ಕೊಂಡು, ಮಹಾರಾಜರ ಮುಂದ ಲಗ್ನ ಆಗೂ ತನಕ ಸಿಹಿ ಬ್ಯಾಡ ಅಂತ ಕೈ ಮುಗದೆ. ನಮ್ಮಪ್ಪಗೂ ಹೇಳಿರಲಿಲ್ಲ.”

ದೀಪ ಆರಿತು. ಮೈಕಿನವನು ಮರಾಠಿಯಲ್ಲಿ ಎಲ್ಲರೂ ಕೂತುಕೊಳ್ಳಿ ಎಂದು ವಿನಂತಿಸಿಕೊಂಡ. ಪ್ರಿಯದರ್ಶನಿ ಕೂತೇ ಇದ್ದಳು. ಒಂಬತ್ತು ವರ್ಷದ ಹಿಂದಿನ ಆ ತಾಟು ಕಣ್ಣ ಮುಂದೆ ಬಂತು.

ಜೈನರ ಮನೆಗಳಲ್ಲಿ ಒಬ್ಬರು ಗಡ್ಡೆ, ಇನ್ನೊಬ್ಬರು ಮೊಸರು ಬಿಟ್ಟಿರುವುದು ನಿತ್ಯದ ಮಾತು. ಬಿಟ್ಟವರು ಅದನ್ನು ಸಾರುತ್ತ ತಿರುಗುವುದಿಲ್ಲ, ಸಾರಿದರೆ ಅದಕ್ಕೆ ಬೆಲೆ ಇಲ್ಲ. ನೆಂಟರ ಮನೆಗೆ ಹೋದರೆ ಮೊದಲ ಪ್ರಶ್ನೆಯೇ ಏನಾದರೂ ಬಿಟ್ಟಿದ್ದೀರಾ ಎಂಬುದು. ಆ ಒಂದು ದಿನ ಮಾತ್ರ, ವರ ಬಂದ ಗಡಿಬಿಡಿಯಲ್ಲಿ, ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ಸಿಗಲಿ ಎಂದು ಬಿಟ್ಟದ್ದರಿಂದಲೇ ಅವಳು ಅವನಿಗೆ ಸಿಗಲಿಲ್ಲ. ನಗಬೇಕೋ ಅಳಬೇಕೋ, ಹೇಳಿ.

ಅಂಗಳಕ್ಕೆ ಜೋಡಿಯೊಂದು ಇಳಿದಿತ್ತು. ಗಂಡು ಒಂದು ಕಾಲೂರಿ ನಿಂತು ತಿರುಗುತ್ತಿದ್ದ, ಹೆಣ್ಣು ಅವನ ಒಂದೇ ಕೈ ಹಿಡಿದು, ಕೂದಲು ಮಂಜಿಗೆ ತಾಗುವಷ್ಟು ಹಿಂದಕ್ಕೆ ವಾಲಿ ಅವನ ಸುತ್ತ ಸುತ್ತುತ್ತಿದ್ದಳು. ಕೈ ಜಾರಿದರೆ ತಲೆ ಒಡೆಯುತ್ತದೆ. ಅವಳ ಮುಖದಲ್ಲಿ ಆ ಯೋಚನೆಯೇ ಇರಲಿಲ್ಲ. ಪ್ರಿಯದರ್ಶನಿಗೆ ಕಣ್ಣು ತುಂಬಿ ಆ ಜೋಡಿ ನಾಲ್ಕಾಗಿ ಕಂಡಿತು.

ಕತ್ತಲಲ್ಲಿ ಅಜ್ಜಿಯ ದನಿ ಕೇಳಿತು. “ನೀ ನೂಲದ ಕುಂಥುನಾಥನ ಮಗ ಅಲ್ಲೇನು?”

ಹೌದ್ರಿ ಎಂದ.

ಅಜ್ಜಿ ಡಬ್ಬಿಯ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕೊನೆಗೆ ಮೊಮ್ಮಗಳ ತೋಳು ತಟ್ಟಿ, ತನಗೆ ಇಲ್ಲಿಂದ ಕಂಬ ಅಡ್ಡ ಬರುತ್ತಿದೆ, ನೀನು ಈ ಕಡೆ ಬಾ ಎಂದರು. ಆ ಮಂಡಪದಲ್ಲಿ ಅವರ ಮುಂದೆ ಕಂಬ ಇರಲಿಲ್ಲ. ಇದ್ದಿದ್ದರೂ ಆ ಕತ್ತಲಲ್ಲಿ ಪೊರೆಗಣ್ಣಿಗೆ ಕಾಣುತ್ತಿರಲಿಲ್ಲ.

ಜಾಗ ಬದಲಾಯಿತು. ಎಷ್ಟೋ ಅಮಾವಾಸ್ಯೆಗಳ ನಂತರ ಅವನ ತೋಳು ಅವಳ ತೋಳಿನ ಪಕ್ಕ ಬಂತು. ಸ್ವೆಟರಿಗೆ ನೂಲಿನ ಗಂಜಿಯ ವಾಸನೆ. ಆಗ ಬೆಲ್ಲದ ವಾಸನೆ ಇರುತ್ತಿತ್ತು.

“ಹೇಳಬಾರದಾಗಿತ್ತೇನ್ರಿ?” ಬಹುವಚನವನ್ನು ಅವಳು ಬೇಕೆಂದೇ ಹಚ್ಚಿದಳು.

“ಹೇಳೂದ್ರಾಗ ನಿಮ್ಮ ಮನೀ ಮಾತ ಬಂತು. ನೀನೂ ಮೊದಲ ಅಂತಿದ್ದಿ, ಕಲೀಬೇಕು ಕಲೀಬೇಕು ಅಂತ. ಆಕೀಗೆ ನಾ ಬ್ಯಾಡ ಅನಸ್ಯೇತಿ ಅನ್ಕೊಂಡೆ.”

“ಆಮ್ಯಾಲ ಯಾಕ ಲಗ್ನ ಆಗಲಿಲ್ಲ?”

ಅವನು ಸಣ್ಣಗೆ ನಕ್ಕ. ಮಗ್ಗ ಹಾಕಿದೆ, ಅಪ್ಪ ಹಾಸಿಗೆ ಹಿಡಿದರು, ತಂಗಿಯ ಲಗ್ನ ಮಾಡಿದೆ ಎಂದೆಲ್ಲ ಹೇಳಿದ. ಇವು ಊರಿಗೆ ಹೇಳುವ ಕಾರಣ ಎಂದು ಇಬ್ಬರಿಗೂ ಗೊತ್ತಿತ್ತು.

“ಬ್ಯಾರೆ ಯಾರ ಜೋಡಿನೂ ಸಿಹಿ ತಿನ್ನೂ ಮನಸ ಆಗಲಿಲ್ಲ,” ಎಂದ.

ಇಂಥ ಮಾತು ಕೇಳಿದ ಮೇಲೂ ಸಿಟ್ಟು ಉಳಿಸಿಕೊಳ್ಳುವುದು ಸುಲಭವಲ್ಲ. ಅವಳು ಪ್ರಯತ್ನ ಮಾಡಿದಳು. ನಾಳೆ ಮಿರಜದವರಿಗೆ ಉತ್ತರ ಕೊಡಬೇಕು ಎಂದು, ಬಾಯಿಪಾಠ ಒಪ್ಪಿಸುವವಳಂತೆ ಹೇಳಿದಳು. ರೂಪಾಲಿ ವೈನಿ ಹೇಳಿದ್ದಾರೆ ಎಂದು ಅವನೂ ಒಪ್ಪಿಸಿದ.

“ಗೊತ್ತಿದ್ದೂ ಬಂದಿ?” ರೀ ಬಿದ್ದುಹೋದದ್ದು ಅವಳಿಗೇ ತಿಳಿಯಲಿಲ್ಲ.

“ಗೊತ್ತಾಗಿದ್ದಕ್ಕ ಬಂದೇನಿ.”

“ಬಂದು ಅಜ್ಜಿ ಕೂಡ ಚಪಾತಿ ತಿಂದಿ.”

ಅವನು ತುಟಿ ಕಚ್ಚಿಕೊಂಡ. ಈಗಲಾದರೂ ಬಾಯಿ ಬಿಡಬೇಕಲ್ಲ ಈ ಮನುಷ್ಯ? ಅಂಗಳದಲ್ಲಿ ಆಟದ ಕೊನೆಯ ಭಾಗ ನಡೆದಿತ್ತು, ತಂಡದ ಹುಡುಗಿಯರೆಲ್ಲ ಒಂಬತ್ತು ಗಜದ ಸೀರೆ ಕಚ್ಚೆ ಹಾಕಿ ಹಲಗಿ ವಾದ್ಯದ ತಾಳಕ್ಕೆ ಕುಣಿಯುತ್ತಿದ್ದರು, ಜನ ಸೀಟಿ ಹೊಡೆಯುತ್ತಿದ್ದರು, ಇನ್ನು ಸ್ವಲ್ಪದರಲ್ಲಿ ದೀಪ ಹತ್ತಿ ಎಲ್ಲರೂ ಮನೆಗೆ. ಅವನು ಬಾಯಿ ಬಿಟ್ಟ. ಬಿಟ್ಟು ಹೇಳಿದ್ದು ಇದು: “ಮಿರಜದವರು ಛಲೋ ಮಂದಿ ಅಂತ ಕೇಳೇನಿ. ನಿನಗ ಅಡಚಣಿ ಆಗಬಾರದು.”

ಪ್ರಿಯದರ್ಶನಿ ಪೂರ್ತಿ ಅವನ ಕಡೆ ತಿರುಗಿದಳು. ಬಣ್ಣದ ಬೆಳಕು ಅವನ ಮುಖದ ಮೇಲೆ ಹಾದು ಹೋಗುತ್ತಿತ್ತು. ಕಿವಿಯ ಬಳಿ ನಾಲ್ಕು ಬಿಳಿ ಕೂದಲು. ಕಣ್ಣು ಅದೇ, ಬಿದ್ದೆದ್ದ ಮೇಲೆ ಬಕೆಟ್ ಹುಡುಕುವ ಹುಡುಗನದು. ಇವನನ್ನು ಬಿಟ್ಟು ಹೋದರೆ ಈ ಸಲ ಯಾರನ್ನು ಬೈಯುವುದು?

“ಮತ್ತ ತಾಟ ಮುಟ್ಟದ ಏಳಾಂವ ಏನು?” ಎಂದಳು.

ಅತುಲ ಏಟು ತಿಂದವನಂತೆ ನೆಟ್ಟಗೆ ಕೂತ.

“ಇಲ್ಲ,” ಎಂದ. ಈ ಸಲ ಮಾತು ನಿಲ್ಲಲಿಲ್ಲ. “ಇಲ್ಲ ಪ್ರಿಯಾ. ಆವತ್ತ ಬಾಯಿ ಮುಚ್ಕೊಂಡ ಎದ್ದು ಬಂದೆ, ಇವತ್ತಿನ ತನಕ ಅದ ಹೊಟ್ಟ್ಯಾಗ ಐತಿ. ನಿನ್ನ ಬಿಟ್ಟ ನನಗ ಯಾರೂ ಬ್ಯಾಡ. ಮಿರಜದವರಿಗೆ ಹೂಂ ಅನ್ನಬ್ಯಾಡ. ನನ್ನ ಲಗ್ನ ಆಗು.”

ಅವಳು ಹೂಂ ಎನ್ನಲಿಲ್ಲ. ಪರ್ಸಿನಿಂದ ಫೋನು ತೆಗೆದು ಎದ್ದು ನಿಂತಳು. ಹಿಂದಿನವರು ಅಹೋ ತಾಯಿ, ಖಾಲೀ ಬಸಾ ಎಂದು ಗೊಣಗಿದರು, ಅವಳು ಕೂರಲಿಲ್ಲ. ಅಪ್ಪ ಫೋನು ಎತ್ತಿದ. ಹಲಗಿಯ ಸದ್ದಿನಲ್ಲಿ ಅವನಿಗೆ ಏನೂ ಕೇಳಲಿಲ್ಲ. ಅವಳು ಕೂಗಿದಳು. ಇನ್ನೂ ಕೇಳಲಿಲ್ಲ. ಎದೆ ತುಂಬ ಉಸಿರು ತೆಗೆದುಕೊಂಡು ಅವಳು ಮೂರನೆಯ ಸಲ ಕೂಗುವುದಕ್ಕೂ ಹಲಗಿ ನಿಲ್ಲುವುದಕ್ಕೂ ಸರಿಹೋಯಿತು.

“ಅಪ್ಪಾ, ಮಿರಜದವರು ಬ್ಯಾಡ! ನಾ ಅತುಲನ ಲಗ್ನ ಆಗ್ತೇನಿ!”

ಅರ್ಧ ಮಂಡಪಕ್ಕೆ ಕನ್ನಡ ಬರುತ್ತಿತ್ತು. ಉಳಿದರ್ಧಕ್ಕೆ ಪಕ್ಕದವರು ಮರಾಠಿಯಲ್ಲಿ ಹೇಳಿದರು. ಚಪ್ಪಾಳೆ ಎದ್ದಿತು. ಅಂಗಳದ ನಡುವೆ ಬಾಗಿ ನಮಸ್ಕರಿಸುತ್ತಿದ್ದ ಪರದೇಶದ ಹುಡುಗಿಯರು ಅದು ತಮಗೇ ಎಂದುಕೊಂಡು ಇನ್ನೊಮ್ಮೆ ಬಾಗಿದರು.

ಪ್ರಿಯದರ್ಶನಿ ಮುಖ ಮುಚ್ಚಿಕೊಂಡು ಧೊಪ್ಪನೆ ಕೂತಳು. ನಾಚಿಕೆಗೆ ಕಿವಿ ಕಾದುಹೋಗಿತ್ತು. ಅತುಲ ಅವಳ ಒಂದು ಕೈಯನ್ನು ಮುಖದಿಂದ ಮೆಲ್ಲಗೆ ಬಿಡಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಏನು ಮಾಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡೇ ಕೂತ. ರೂಪಾಲಿ ಈಗ ಮೇಲ್ಛಾವಣಿ ನೋಡುತ್ತಿರಲಿಲ್ಲ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ತೊಡೆಯ ಮೇಲೆ ಬಿದ್ದ ಫೋನಿನಲ್ಲಿ ಪದ್ಮಕುಮಾರ ಯಾವ ಅತುಲ, ಯಾರ ಮಗ ಎಂದು ಇನ್ನೂ ಕೇಳುತ್ತಲೇ ಇದ್ದ. ಅಜ್ಜಿ ಅದನ್ನು ಎತ್ತಿಕೊಂಡು, ತಿರುವುಮುರುವು ಮಾಡಿ, ಸರಿಯಾದ ತುದಿ ಕಿವಿಗೆ ಹಿಡಿದರು.

“ಪದ್ಮಾ, ನಾ ಮಾತಾಡಾಕತ್ತೇನಿ. ತಾಟ ಮುಟ್ಟದ ಎದ್ದಿದ್ನಲ್ಲ, ಆ ಹುಡುಗ. ತಪ್ಪ ಅವಂದಲ್ಲೋ, ಕೇಳದ ಸಿಟ್ಟ ಮಾಡಿದ ನಂದು.” ಅಜ್ಜಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು. ಮತ್ತೆ ತಮ್ಮ ಹಳೆಯ ಗತ್ತಿನಲ್ಲಿ ಹೇಳಿದರು: “ಇನ್ನ ಎಲ್ಲಿದೂ ವಿಚಾರ ಮಾಡಬ್ಯಾಡ. ಲಗೂನ ಒಂದ ಮುಹೂರ್ತ ಹಿಡಿ. ನಮ್ಮ ಮನೀ ಅಳಿಯಾ ಸಿಹಿ ತಿನ್ನೂದೈತಿ.”